ಪದಚರ್ಚೆ: ಸ್ಪೋರ್ಟ್ಸ್ ಸೈಕಾಲಜಿಸ್ಟ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಕೋಚ್‌ಗಳಿಗೆ ಅಂತ ಒಂದು ಕೈಪಿಡಿ ಕನ್ನಡದಲ್ಲಿ ಬರೀತಾ ಇದೀನಿ. ಸ್ಪೋರ್ಟ್ಸ್ ಸೈಕಾಲಜಿಸ್ಟ್‌ಗಳು, ಅಂದ್ರೆ ಆಟಗಾರರ ಮನಸ್ಸನ್ನ ಆಟಕ್ಕೆ ಸಜ್ಜು ಮಾಡೋರು, ಆ ಕೆಲಸಕ್ಕೆ ಹೇಗೆ ಬರ್ತಾರೆ, ಹೇಗೆ ಪಳಗ್ತಾರೆ ಅಂತ ಒಂದು ಅಧ್ಯಾಯ ಇದೆ, ಹೆಸರಲ್ಲೇ ಸಿಕ್ಕಾಕೊಂಡಿದೀನಿ.

ಪೇಪರ್‌ನೋರು ಕ್ರೀಡಾ ಮನಃಶಾಸ್ತ್ರಜ್ಞ ಅಂತಾರೆ, ಕ್ರೀಡಾ ಮನೋವಿಜ್ಞಾನಿ ಅಂತಾರೆ, ಒಂದೊಂದ್ಸಲ ಮನೋವೈದ್ಯ ಅಂತಲೂ ಹಾಕ್ಬಿಡ್ತಾರೆ. ಮನೋವೈದ್ಯರು ಎಂಬಿಬಿಎಸ್ ಓದಿ ಮಾತ್ರೆ ಬರೆಯೋರು, ಅದಂತೂ ಬೇಡ. ಆಪ್ತಸಮಾಲೋಚಕ ಚೆನ್ನಾಗಿದೆ, ಆದ್ರೆ ಅದು ಈಗಾಗಲೇ ಆಸ್ಪತ್ರೆ ಕೌನ್ಸೆಲರ್‌ಗಳ ಪಾಲಾಗಿದೆ.

ನಿಜವಾದ ತೊಡಕು ಬೇರೆ. 2003ರ ವರ್ಲ್ಡ್ ಕಪ್ ಹೊತ್ತಲ್ಲಿ ನಮ್ ಕ್ರಿಕೆಟ್ ಟೀಮಿಗೆ ನೆರವಾದ ಸ್ಯಾಂಡಿ ಗಾರ್ಡನ್ ಸೈಕಾಲಜಿ ಓದಿ ಯೂನಿವರ್ಸಿಟೀಲಿ ಪಾಠ ಹೇಳ್ತಿದ್ದೋರು. 2011ರಲ್ಲಿ ಗೆದ್ದ ಟೀಮಿನ ಜೊತೆಗಿದ್ದ ಪ್ಯಾಡಿ ಅಪ್ಟನ್ ಅದಕ್ಕೂ ಮೊದ್ಲು ದಕ್ಷಿಣ ಆಫ್ರಿಕಾ ಟೀಮಿಗೆ ಫಿಟ್‌ನೆಸ್ ಟ್ರೈನರ್ ಆಗಿದ್ದೋರು, ನಮ್ಮಲ್ಲಿ ಅವ್ರ ಹುದ್ದೆ ಮೆಂಟಲ್ ಕಂಡೀಷನಿಂಗ್ ಕೋಚ್, ಆಮೇಲೆ ಹಾಕಿ ಟೀಮು, 2024ರಲ್ಲಿ ಚೆಸ್ಸಿನ ಗುಕೇಶ್ ಹೀಗೆ ಎಲ್ಲಾ ಕಡೆ ಕೆಲಸ ಮಾಡಿದಾರೆ. ಇಬ್ರಿಗೂ ಒಂದೇ ಪದ ಹಾಕಿದ್ರೆ ಬಂದ ದಾರಿನೇ ಅಳಿಸಿಹೋಗತ್ತೆ. ಬ್ರಿಟನ್ನಲ್ಲಿ ‘ಸ್ಪೋರ್ಟ್ ಅಂಡ್ ಎಕ್ಸರ್ಸೈಜ್ ಸೈಕಾಲಜಿಸ್ಟ್’ ಅನ್ನೋ ಹೆಸರಿಗೆ ಕಾನೂನಿನ ಕಾವಲಿದೆ, ರಿಜಿಸ್ಟರ್‌ನಲ್ಲಿ ಇಲ್ದೋರು ಹಾಗಂತ ಬೋರ್ಡ್ ಹಾಕೋ ಹಾಗಿಲ್ಲ. ಹಾಗಾಗಿ ಶಾಸ್ತ್ರ ಓದಿ ಬಂದೋರಿಗೆ ಮಾತ್ರ ಮನಃಶಾಸ್ತ್ರಜ್ಞ ಇಟ್ಕೊಳೋಣ ಅಂತ ನನ್ನ ಲೆಕ್ಕ.

ಉಳಿದೋರಿಗೆ? ‘ಮೆಂಟಲ್ ಕೋಚ್’ ಹಾಗೇ ಬಿಡೋಣ ಅಂದ್ರೆ ನಮ್ ಕಡೆ ಮೆಂಟಲ್ ಅಂದ್ರೆ ಏನು ಅಂತ ನಿಮಗೆ ಗೊತ್ತಲ್ಲ, ಹದಿನಾರರ ಹುಡುಗ ಅಂಥೋರ ರೂಮಿಗೆ ಹೋದ ಅಂದ್ರೆ ಮುಗೀತು ಕಥೆ, ಟೀಮಿನವ್ರೆಲ್ಲ ರೇಗ್ಸೋಕೆ ಶುರು. ‘ಮಾನಸಿಕ ತರಬೇತುದಾರ’ನೂ ಅಸ್ವಸ್ಥದ ಹತ್ರಾನೇ ಓಡಾಡತ್ತೆ. ‘ಮನೋಬಲ ತರಬೇತುದಾರ’ ಹೇಗಿದೆ?

ಇನ್ನೊಂದು ಸೂಪರ್‌ವಿಷನ್. ಹೊಸಬರು ತಾವು ನೋಡಿದ ಆಟಗಾರರ ವಿಷಯ ಅನುಭವಸ್ಥರ ಮುಂದಿಟ್ಟು, ನಾನು ಮಾಡಿದ್ದು ಸರಿನಾ, ಕೋಚ್ ಕೇಳಿದ್ರೆ ಎಷ್ಟು ಹೇಳ್ಬೋದು ಅಂತ ಚರ್ಚೆ ಮಾಡ್ತಾ ಕಲಿಯೋದು ಅದು. ಮೇಲ್ವಿಚಾರಣೆ ಅಂದ್ರೆ ಪರೀಕ್ಷಾ ಕೊಠಡಿ ನೆನಪಾಗತ್ತೆ. ಸದ್ಯಕ್ಕೆ ‘ಮಾರ್ಗದರ್ಶನ’ ಅಂತ ಹಾಕಿದೀನಿ, ಸಪ್ಪೆ ಅನ್ಸತ್ತೆ.

ಸ್ಪೋರ್ಟ್ಸ್ ಹಾಸ್ಟೆಲ್‌ಗಳಲ್ಲಿ ಇದ್ದೋರು, ಕಲ್ಸಿದೋರು ಯಾರಾದ್ರೂ ಇಲ್ಲಿದ್ರೆ ಮಕ್ಕಳು ಇವ್ರನ್ನ ಏನಂತ ಕರೀತಾರೆ ಹೇಳಿ. ಬರೀ ‘ಸರ್’, ‘ಮೇಡಂ’ ಆಗಿದ್ರೂ ಪರ್ವಾಗಿಲ್ಲ.