ಕಣ್ಣು ಮುಚ್ಚಿಕೊಂಡು ನೋಡಿದ ಸಿನಿಮಾ

ಬಳ್ಳಾರಿಯ ನಮ್ಮ ಗೆಳೆಯರ ಕೂಟದಲ್ಲಿ ಈ ಸಲದ ಲೆಂಟ್ ಕಾಲಕ್ಕೆ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಎದ್ದ ವಾದವೇನೆಂದರೆ, ಶುಭ ಶುಕ್ರವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಪರದೆ ಕಟ್ಟಿ, ಯೇಸುವಿನ ಕೊನೆಯ ಗಂಟೆಗಳ ಯಾತನೆಯನ್ನು ತೋರಿಸುವ, ಮೆಲ್ ಗಿಬ್ಸನ್ 2004ರಲ್ಲಿ ತೆರೆಗೆ ತಂದ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ ಚಿತ್ರವನ್ನು ಸಭೆಯವರಿಗೆಲ್ಲ ತೋರಿಸಬೇಕೇ ಬೇಡವೇ ಎಂಬುದು. ವಾದಕ್ಕೆ ಮಿರ್ಚಿ, ಮಂಡಕ್ಕಿ ಒಗ್ಗರಣೆಗಳ ಬೆಂಬಲವಿದ್ದುದರಿಂದ ಅದು ಬೇಗ ಮುಗಿಯುವ ಲಕ್ಷಣವೇ ಇರಲಿಲ್ಲ.

ತೋರಿಸಲೇಬೇಕು ಎಂದವನು ಜೀನ್ಸ್ ಹೊಲಿಸುವ ನಮ್ಮ ಗೆಳೆಯ. ಆ ಚಿತ್ರ ನೋಡಿ ಅಳದವನು ವಿಶ್ವಾಸಿಯೇ ಅಲ್ಲವೆಂದು ಅವನು ತೀರ್ಪನ್ನೇ ಕೊಟ್ಟುಬಿಟ್ಟ.

ನಿವೃತ್ತ ಮಾಸ್ತರರು ಕನ್ನಡಕ ಒರೆಸಿಕೊಂಡರು. “ತಮ್ಮಾ, ನೀನು ಲೆಂಟಿನ ನಲವತ್ತು ದಿನವೂ ಮಾಂಸ ಮುಟ್ಟುವವನಲ್ಲ; ಬಿರಿಯಾನಿಯ ವಾಸನೆ ಬಂದರೆ ಬೀದಿಯ ಆಚೆ ಬದಿಗೆ ದಾಟಿಬಿಡುತ್ತೀ. ಹಾಗಿರುವಾಗ ಎರಡು ಗಂಟೆಗೂ ಮಿಕ್ಕಿ ಸುಲಿದ ಬೆನ್ನನ್ನು ನೋಡುತ್ತಾ ಕೂರುವುದು ಯಾವ ಉಪವಾಸದ ಲೆಕ್ಕಕ್ಕೆ ಬರುತ್ತದೆ?”

“ಬೈಬಲಿನಲ್ಲಿ ಗಲಾತ್ಯದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನೇ ಹೇಳಿಲ್ಲವೇ ಮಾಸ್ತರೇ, ಶಿಲುಬೆಯ ಮೇಲಿನ ಕ್ರಿಸ್ತನನ್ನು ನಿಮ್ಮ ಕಣ್ಣಿಗೆ ಕಟ್ಟುವಂತೆ ತೋರಿಸಿದೆವೆಂದು?”

“ಪೌಲನು ತೋರಿಸಿದ್ದು ನಾಲಿಗೆಯಿಂದ, ಅವನ ಬಳಿ ಪ್ರೊಜೆಕ್ಟರ್ ಇರಲಿಲ್ಲ” ಎಂದ ಮಾಸ್ತರರು, ಮತ್ತಾಯನ ಸುವಾರ್ತೆಯಲ್ಲಿ ಕೊರಡೆಯ ಏಟಿನ ಪ್ರಸ್ತಾಪವು ಒಂದು ವಚನದ ಒಂದು ತುಂಡಿನಲ್ಲೇ ಮುಗಿದುಹೋಗುವುದನ್ನೂ, ಸಿನಿಮಾದಲ್ಲಿ ಅದೇ ಪ್ರಸಂಗವು ನೋಡುವವರ ಸೊಂಟ ಹಿಡಿಯುವಷ್ಟು ಹೊತ್ತು ನಡೆಯುವುದನ್ನೂ, ಅಲ್ಲಿನ ಕೆಲವು ವಿವರಗಳು ಸುವಾರ್ತೆಗಳಿಂದಲ್ಲದೆ 1824ರಲ್ಲಿ ತೀರಿಕೊಂಡ ಜರ್ಮನ್ ಸನ್ಯಾಸಿನಿ ಆನ್ ಕ್ಯಾಥರೀನ್ ಎಮ್ಮೆರಿಕ್ ಕಂಡಳೆಂಬ ದರ್ಶನಗಳಿಂದ ಬಂದಿರುವುದನ್ನೂ ಒಂದೇ ಉಸಿರಿನಲ್ಲಿ ವಿವರಿಸಿದರು. ಅಷ್ಟರಲ್ಲಿ ಅವರ ಪಾಲಿನ ಮಿರ್ಚಿ ತಣ್ಣಗಾಗಿತ್ತು. ಅದನ್ನು ಬೇರೆಯವರು ತಿಂದೂ ಆಗಿತ್ತು.

ಜೀನ್ಸಿನವನ ಉತ್ತರವನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಮತ್ತಾಯನ ಕಾಲದ ಓದುಗರಿಗೆ ರೋಮನರ ಶಿಲುಬೆ ಎಂಥದೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ನಾವೋ ಅದನ್ನು ಅರ್ಧ ತೊಲ ಬಂಗಾರದಲ್ಲಿ ಮಾಡಿಸಿ ಕೊರಳಿಗೆ ಹಾಕಿಕೊಂಡು ಮದುವೆಗೆ ಹೋಗುತ್ತೇವೆ. ಅದು ಮನುಷ್ಯನನ್ನು ಕೊಲ್ಲುವ ಮರವಾಗಿತ್ತೆಂದು ಯಾರಾದರೂ ಒಮ್ಮೆ ನೆನಪಿಸಬೇಡವೇ ಎಂದು ಅವನು ಕೇಳಿದ. ಮಾಸ್ತರರು ಕೂಡ ಆ ಕ್ಷಣಕ್ಕೆ ಸುಮ್ಮನಾದರು, ಅದು ಅಪರೂಪದ ಸಂಗತಿ.

ಆಗ ಬಾಯಿ ಬಿಟ್ಟವನು ಕಂಪೌಂಡರ್. ದಿನವಿಡೀ ಸೂಜಿ ಚುಚ್ಚಿ, ಗಾಯ ತೊಳೆದು, ಹೊಲಿಗೆ ಬಿಚ್ಚುವ ಈ ಮಹಾಶಯನು ಆ ಚಿತ್ರವನ್ನು ಬಹುಪಾಲು ಕಣ್ಣು ಮುಚ್ಚಿಕೊಂಡೇ ‘ನೋಡಿದ್ದ’ನಂತೆ. “ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲವಲ್ಲ! ಆ ಕೊರಡೆಯ ಸದ್ದಿಗೆ ಕೊನೆಗೂ ಕಣ್ಣು ತೆರೆದೆ. ತೆರೆದ ಮೇಲೆ ಮುಚ್ಚಲಾಗಲಿಲ್ಲ. ನಿಜ ಹೇಳುತ್ತೇನೆ, ಹೊಡೆಸಿಕೊಳ್ಳುತ್ತಿದ್ದವನನ್ನು ಮರೆತು ಮುಂದಿನ ಏಟು ಎಲ್ಲಿ ಬೀಳುತ್ತದೆಂದು ಕಾಯುತ್ತಿದ್ದೆ.”

ಮಾಸ್ತರರು ಕುರ್ಚಿಯಿಂದ ಅರ್ಧ ಎದ್ದರು. ನಾಲ್ಕನೆಯ ಶತಮಾನದಲ್ಲಿ ಕಾನೂನು ಓದಲು ರೋಮಿಗೆ ಹೋಗಿದ್ದ ಅಲಿಪಿಯಸ್ ಎಂಬ ಯುವಕನಿಗೆ ಆದದ್ದೂ ಇದೇ. ಗೆಳೆಯರು ಅವನನ್ನು ಖಡ್ಗಮಲ್ಲರ ಕಾಳಗಕ್ಕೆ ಎಳೆದೊಯ್ದಾಗ ಅವನು ಕಣ್ಣು ಮುಚ್ಚಿ ಕುಳಿತಿದ್ದನೆಂದೂ, ಜನರ ಬೊಬ್ಬೆಗೆ ಕಣ್ಣು ತೆರೆದವನು ಆ ರಕ್ತದ ಅಮಲಿಗೆ ಸಿಕ್ಕಿಬಿದ್ದನೆಂದೂ ಅವನ ಮಿತ್ರ, ಮುಂದೆ ಸಂತನೆನಿಸಿದ ಅಗಸ್ಟೀನನೇ ಬರೆದಿದ್ದಾನೆ. ಎಳೆದೊಯ್ಯುವ ಗೆಳೆಯರು ಎಲ್ಲ ಕಾಲದಲ್ಲೂ ಇರುತ್ತಾರೆಂದು ಅವರು ಜೀನ್ಸಿನವನತ್ತ ನೋಡಿದರು.

ಇಷ್ಟನ್ನೂ ಒಲೆಯ ಮುಂದೆ ನಿಂತು ಕೇಳುತ್ತಿದ್ದ ಹೋಟೆಲಿನ ಗೌಡರು ಕ್ರೈಸ್ತರಲ್ಲದಿದ್ದರೂ ತಮ್ಮ ಪಾಲನ್ನು ಸೇರಿಸಿದರು. “ನಮ್ಮ ಬಯಲಾಟದಲ್ಲಿಯೂ ಭೀಮನು ದುಶ್ಶಾಸನನ ರಕ್ತ ಕುಡಿಯುತ್ತಾನೆ. ಆದರೆ ಅದು ಬಣ್ಣದ ನೀರೆಂದು ಮಕ್ಕಳಿಗೂ ಗೊತ್ತು. ಸತ್ತ ದುಶ್ಶಾಸನನು ಎದ್ದು ಬಂದು ನನ್ನ ಹತ್ತಿರ ಚಹಾ ಕುಡಿಯುತ್ತಾನೆ. ನಿಮ್ಮ ಸಿನಿಮಾದವರು ಅದು ಬಣ್ಣದ ನೀರೆಂಬುದನ್ನು ಮರೆಸುವುದಕ್ಕೇ ದುಡ್ಡು ಸುರಿದಿದ್ದಾರೆ.”

ನನಗನಿಸುವಂತೆ ವಿಷಯದ ಗಂಟು ಇರುವುದು ಇಲ್ಲಿಯೇ. ಬೆಳೆದವನೊಬ್ಬನು ತಾನಾಗಿ ಆ ಚಿತ್ರವನ್ನು ನೋಡಿದರೆ ಅದರಲ್ಲಿ ಪಾಪವಿಲ್ಲ. ಅಮೆರಿಕದಲ್ಲಿಯೂ ಹದಿನೇಳು ತುಂಬದವರು ಹಿರಿಯರ ಜೊತೆಯಿಲ್ಲದೆ ನೋಡುವಂತಿಲ್ಲವೆಂಬ ಶ್ರೇಣಿಯನ್ನೇ ಅದಕ್ಕೆ ಕೊಟ್ಟಿದ್ದರು. ಆದರೆ ಸಭೆಯ ಹೆಸರಿನಲ್ಲಿ ಪರದೆ ಕಟ್ಟಿ, ಮುಂದಿನ ಚಾಪೆಯ ಮೇಲೆ ಸಂಡೇ ಸ್ಕೂಲಿನ ಮಕ್ಕಳನ್ನು ಕೂರಿಸಿ, ಯಾರು ಅತ್ತರು ಯಾರು ಅಳಲಿಲ್ಲವೆಂದು ಹಿಂದಿನಿಂದ ಲೆಕ್ಕ ಹಾಕುವುದು ಭಕ್ತಿಯಲ್ಲ, ಹಾಜರಾತಿ. ಅಳು ಬರಲು ವಿಶ್ವಾಸವೇ ಬೇಕೆಂದೇನೂ ಇಲ್ಲ. ನಮ್ಮ ಜೀನ್ಸಿನವನು ತೆಲುಗು ಸಿನಿಮಾದ ನಾಯಕನ ತಾಯಿ ಸತ್ತಾಗಲೂ ಅಷ್ಟೇ ಬಿಕ್ಕುತ್ತಾನೆ.

ಕೊನೆಗೆ ಅವನು ರಾಜಿಗೆ ಬಂದ. ಕ್ರೂರ ದೃಶ್ಯಗಳನ್ನು ಸುಮಾರು ಐದು ನಿಮಿಷದಷ್ಟು ಕತ್ತರಿಸಿ 2005ರಲ್ಲಿ ಮತ್ತೆ ಬಿಡುಗಡೆ ಮಾಡಿದ ಪ್ರತಿಯನ್ನಾದರೂ ತೋರಿಸೋಣ, ಮಕ್ಕಳನ್ನು ಮನೆಗೆ ಕಳಿಸೋಣ ಎಂದ. ಮಾಸ್ತರರು ಯೇಸುವಿನ ಬಂಧನ, ಮರಣಗಳನ್ನು ಹೇಳುವ ಯೋಹಾನನ ಸುವಾರ್ತೆಯ 18 ಮತ್ತು 19ನೆಯ ಅಧ್ಯಾಯಗಳನ್ನು ಗಟ್ಟಿಯಾಗಿ ಓದಿದರೆ ಸಾಕೆಂದರು. ಹಾಗೆ ಓದಿದರೆ ಜನ ನಿದ್ದೆ ಹೋಗುತ್ತಾರೆಂದು ಇವನೆಂದ. ಯೇಸುವನ್ನು ಹಿಡಿದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಶಿಷ್ಯರೂ ನಿದ್ದೆ ಹೋಗಿದ್ದರೆಂದು ಅವರೆಂದರು. ಕಂಪೌಂಡರ್ ಮಾತ್ರ, ಕತ್ತರಿಸಿದ ಆ ಐದು ನಿಮಿಷಗಳಲ್ಲಿ ಏನೇನಿತ್ತೆಂದು ಯಾರಿಗಾದರೂ ಗೊತ್ತೇ ಎಂದು ಬಹಳ ಆಸಕ್ತಿಯಿಂದ ವಿಚಾರಿಸತೊಡಗಿದ.