ಕಾಟಿ, ಆನೆಗಳ ಸಂತತಿ ಚೇತರಿಸಿಕೊಂಡಿದೆಯೇ, ಅಥವಾ ಕಾಡು ಬಿಟ್ಟು ಬರುತ್ತಿವೆಯೇ?

ಪ್ರಶ್ನೆ – ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು

ನಮ್ಮ ತಂದೆಯವರ ಕಾಲದಲ್ಲಿ ಕಾಟಿಯನ್ನು (ಕಾಡುಕೋಣವನ್ನು) ಕಣ್ಣಾರೆ ಕಂಡವರು ನಮ್ಮೂರಿನಲ್ಲಿ ವಿರಳ. ಈಗ ತೋಟದ ಕೆರೆಯ ಬಳಿಯೇ ಹಿಂಡು ಕಾಣಿಸುತ್ತದೆ; ಆನೆಗಳಂತೂ ವರ್ಷವಿಡೀ ಇಲ್ಲಿಯೇ ಇರುತ್ತವೆ. ಇದು ನಿಜವಾದ ಚೇತರಿಕೆಯೇ, ಅಥವಾ ಕಾಡಿನಲ್ಲಿ ಮೇವು ಸಾಲದೆ ಅವು ತೋಟಗಳಿಗೆ ಇಳಿಯುತ್ತಿವೆಯೇ? ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ – ಚಿಕ್ಕಮಗಳೂರಿನಿಂದ

ಭದ್ರಾ ಕಾಡಿನ ಕಾಟಿಗಳ ಮಟ್ಟಿಗೆ ಹೇಳುವುದಾದರೆ ಅದು ನಿಜವಾದ ಚೇತರಿಕೆಯೇ. 1989–90ರ ಸುಮಾರಿಗೆ ಅಲ್ಲಿ ರಿಂಡರ್‌ಪೆಸ್ಟ್ ಎಂಬ ದನಗಳ ಸಾಂಕ್ರಾಮಿಕ ರೋಗ ಹರಡಿ ಕಾಟಿಗಳು ಅಪಾರ ಸಂಖ್ಯೆಯಲ್ಲಿ ಸತ್ತಿದ್ದವು. ಕಾಡಿಗೆ ಮೇಯಲು ಹೋಗುವ ದನಗಳಿಂದ ಕಾಟಿಗಳಿಗೆ ದಾಟುವ ರೋಗವಿದು. ಆದುದರಿಂದ ಊರಿನ ದನಗಳಿಗೆ ಹಾಕಿದ ಲಸಿಕೆಯೇ ಕಾಡಿನ ಪ್ರಾಣಿಗಳನ್ನೂ ಕಾಪಾಡಿತು. 2011ರಲ್ಲಿ ಈ ರೋಗ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಈ ಕೆಲಸದಲ್ಲಿ ಪಶುವೈದ್ಯರ ಪಾಲನ್ನು ನಾವು ನೆನೆಯುವುದೇ ಇಲ್ಲ ಎಂಬುದು ನನ್ನ ಕೊರಗು.

ಎರಡನೆಯ ಕಾರಣ ಪುನರ್ವಸತಿ. 1998ರಲ್ಲಿ ಭದ್ರಾ ಹುಲಿ ಯೋಜನೆಗೆ ಸೇರಿತು. 2001–02ರ ಹೊತ್ತಿಗೆ ಒಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಸ್ಥಳಾಂತರಗೊಂಡವು. ದನಗಳ ಮೇವಿನ ಒತ್ತಡ ಇಳಿದು, ಕಾವಲು ಬಿಗಿಯಾದ ಮೇಲೆ ಗದ್ದೆ ಬಯಲುಗಳು ಹುಲ್ಲುಗಾವಲಾಗಿ ಕಾಟಿ, ಕಡವೆ, ಜಿಂಕೆಗಳಿಗೆ ಮೇವು ಒದಗಿಸಿದವು. ಅವು ಹೆಚ್ಚಿದರೆ ಹುಲಿಗೂ ಆಹಾರ ದೊರೆಯುತ್ತದೆ.

ಉತ್ತರ – ಆಲೂರಿನಿಂದ

ಮೇಲಿನ ವಿವರಣೆಯನ್ನು ನಮ್ಮ ಭಾಗದ ಆನೆಗಳಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಆನೆಯ ಗರ್ಭಾವಸ್ಥೆಯೇ ಸುಮಾರು 22 ತಿಂಗಳು. ಒಂದು ಮರಿಗೂ ಮುಂದಿನದಕ್ಕೂ ನಡುವೆ ನಾಲ್ಕೈದು ವರ್ಷಗಳ ಅಂತರವಿರುತ್ತದೆ; ಹಾಗಾಗಿ ಅವುಗಳ ಸಂಖ್ಯೆ ಬೇಗನೆ ಏರುವುದಿಲ್ಲ. 2023ರ ಗಣತಿಯಲ್ಲಿ ರಾಜ್ಯದ ಆನೆಗಳ ಸಂಖ್ಯೆ 6,395 ಎಂದು ಅಂದಾಜಿಸಲಾಗಿದ್ದು, ಒಟ್ಟಾರೆ ಸ್ಥಿತಿ ಉತ್ತಮವಾಗಿಯೇ ಇದೆ. ಆದರೆ ಆಲೂರು–ಸಕಲೇಶಪುರದ ಆನೆಗಳಿಗೆ ಭದ್ರಾದಂತಹ ಒಂದೇ ದೊಡ್ಡ ಕಾಡು ಇಲ್ಲ. ಹೇಮಾವತಿ ಹಿನ್ನೀರು, ಅಲ್ಲಲ್ಲಿ ಉಳಿದಿರುವ ಕಾಡಿನ ತುಂಡುಗಳು, ಅಕೇಶಿಯಾ ನೆಡುತೋಪುಗಳು ಮತ್ತು ನಮ್ಮ ತೋಟಗಳು ಸೇರಿಯೇ ಅವುಗಳ ನೆಲೆ. ಉಚ್ಚ ನ್ಯಾಯಾಲಯ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ನೀಡಿದ ನಂತರ ಈ ಭಾಗದಿಂದ 22 ಆನೆಗಳನ್ನು ಹಿಡಿಯಲಾಯಿತು. ಆ ಜಾಗಕ್ಕೆ ಬೇರೆ ಆನೆಗಳು ಬಂದವು, ಸಾವುನೋವು ನಿಲ್ಲಲಿಲ್ಲ. ಹಿಡಿದು ಸಾಗಿಸುವುದೊಂದೇ ಪರಿಹಾರವೆಂದು ಇನ್ನೂ ಒತ್ತಾಯಿಸುವವರು ಈ ಅನುಭವವನ್ನು ಗಮನಿಸಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಕೊಯ್ಲಿನ ಕಾಲದಲ್ಲಿ ಬೆಳಗಿನ ಜಾವ ಕೆಲಸಕ್ಕೆ ಬರುವವರ ಗತಿಯೇನು? ಪ್ರಾಣ ಕಳೆದುಕೊಳ್ಳುತ್ತಿರುವವರಲ್ಲಿ ಹೆಚ್ಚಿನವರು ಕೂಲಿಯವರೇ ಅಲ್ಲವೇ?

ಉತ್ತರ – ಆಲೂರಿನಿಂದ

ಹೌದು, ಆ ಮಾತಿಗೆ ಎದುರಾಡಲು ಸಾಧ್ಯವಿಲ್ಲ. ಹಿಂಡನ್ನು ಮುನ್ನಡೆಸುವ ಹೆಣ್ಣಾನೆಗೆ ರೇಡಿಯೋ ಕಾಲರ್ ತೊಡಿಸಿ ಅದರ ಚಲನೆಯನ್ನು ಮೊಬೈಲ್ ಸಂದೇಶದ ಮೂಲಕ ತಿಳಿಸುವ ವ್ಯವಸ್ಥೆಯಿಂದ ಪ್ರಯೋಜನವಿದೆ. ಆದರೆ ಒಂಟಿ ಸಲಗಕ್ಕೆ ಕಾಲರ್ ಇಲ್ಲದಿದ್ದರೆ ಸಂದೇಶವೂ ಇರುವುದಿಲ್ಲ. ಆದ್ದರಿಂದ ಸಂದೇಶ ತೋಟದ ಮಾಲೀಕರ ಫೋನಿನಲ್ಲಿಯೇ ಉಳಿಯದೆ ಮೇಸ್ತ್ರಿಗೂ ಕೂಲಿಯವರು ವಾಸಿಸುವ ಲೈನ್ ಮನೆಗಳಿಗೂ ತಲುಪಬೇಕು, ಬೆಳಕು ಹರಿಯುವ ಮೊದಲು ಯಾರನ್ನೂ ನಡೆಸಿಕೊಂಡು ಬರಹೇಳಬಾರದು, ವಾಹನದ ಖರ್ಚನ್ನು ಬೆಳೆಗಾರರು ವಹಿಸಿಕೊಳ್ಳಬೇಕು.