ಬಿರುಗಾಳಿಯ ರಾತ್ರಿ, ಅಮ್ಮನ ಬೆರಳು, ಅದಿರಿನ ಲಾರಿ: ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ

ಮನೆ 14: ನಿನ್ನೆ ರಾತ್ರಿ ಕಿಟಕಿಗಳನ್ನೆಲ್ಲ ಮುಚ್ಚಿದ್ದರೂ ಅಮ್ಮನ ದಿಂಬಿನ ಮೇಲೆ ಗೆರೆ ಎಳೆಯುವಷ್ಟು ಕೆಂಧೂಳು ಕೂತಿತ್ತು. ಸಂಧಿವಾತವಿರುವ ಅವರಿಗೆ ಬೆಳಿಗ್ಗೆ ಚಹಾದ ಲೋಟ ಹಿಡಿಯಲೂ ಬೆರಳು ಮಡಚಲಿಲ್ಲ. ಆ ಖಾಲಿ ಸೈಟಿನಲ್ಲಿ ಅದಿರಿನ ಲಾರಿಗಳನ್ನು ನಿಲ್ಲಲು ಬಿಟ್ಟವರು ಇಂದೇ ಉತ್ತರ ಕೊಡಬೇಕು. ನಾನು ಅರ್ಜಿಯನ್ನೂ ಬರೆಯುತ್ತಿದ್ದೇನೆ.

ಮನೆ 3: ಯಾರನ್ನು ಕೇಳುತ್ತಿದ್ದೀರೆಂದು ಎಲ್ಲರಿಗೂ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳೇ ಇರಲಿಲ್ಲ; ಆಗಲೂ ನಿಮ್ಮ ತಾಯಿಯವರು ಮೊಣಕಾಲು ಹಿಡಿದುಕೊಂಡೇ ಮೆಟ್ಟಿಲು ಹತ್ತುತ್ತಿದ್ದರು.

ಮನೆ 9: ಅಣ್ಣಾ, ನಾನು ನರ್ಸ್ ಆಗಿ ಹೇಳುತ್ತೇನೆ, ಮೊಣಕಾಲಿನ ಸವೆತ ಬೇರೆ, ಬೆರಳುಗಂಟು ಊದುವ ರುಮಟಾಯ್ಡ್ ಸಂಧಿವಾತ ಬೇರೆ. ಎರಡನೆಯದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಗಾಳಿಚೀಲಗಳವರೆಗೂ ಇಳಿಯುತ್ತವೆ. ಅಲ್ಲಿ ಏಳುವ ಉರಿಯೂತ ನಮ್ಮದೇ ಪ್ರೋಟೀನುಗಳನ್ನು ಮಾರ್ಪಡಿಸಿ, ದೇಹವು ಅವನ್ನು ಪರಕೀಯವೆಂದು ಭಾವಿಸಿ ಪ್ರತಿಕಾಯಗಳನ್ನು ಹುಟ್ಟಿಸುವುದರಿಂದ ಕೆಲವರಲ್ಲಿ ಈ ರೋಗ ಶುರುವಾಗಬಹುದೆಂದು ವೈದ್ಯರು ಭಾವಿಸುತ್ತಾರೆ. ಬೀಡಿ, ಸಿಗರೇಟು, ಕಲ್ಲು-ಮರಳಿನಿಂದ ಏಳುವ ಸಿಲಿಕಾ ಧೂಳಿನ ವಿಷಯದಲ್ಲಿ ಈ ನಂಟಿಗೆ ಪುರಾವೆ ಗಟ್ಟಿಯಾಗಿದೆ. ಬೀದಿಯ ಗಾಳಿಯ ವಿಷಯದಲ್ಲಿ ಅಷ್ಟು ಗಟ್ಟಿಯಿಲ್ಲ. ಒಂದೇ ರಾತ್ರಿಯ ಗಾಳಿಯಿಂದ ಬೆರಳು ಬಿಗಿಯಿತೆಂದು ನಾನಂತೂ ಹೇಳಲಾರೆ. ಬೆಳಗಿನ ಬಿಗಿತ ಒಂದು ತಾಸು ಕಳೆದರೂ ಬಿಡದಿದ್ದರೆ ಅಮ್ಮನನ್ನು ವೈದ್ಯರಿಗೆ ತೋರಿಸಿ.

ಮನೆ 21: ಬಂದದ್ದನ್ನು ಕಳಿಸಿದ್ದೇನೆ: ಅರಿಶಿನ, ಬೆಲ್ಲ ಕಲಸಿ ಕುಡಿದರೆ ಕೀಲಿನಲ್ಲಿ ಕೂತ ಧೂಳು ಮೂರು ದಿನದಲ್ಲಿ ಇಳಿಯುತ್ತದೆ.

ಮನೆ 9: ಧೂಳು ಕೀಲಿನಲ್ಲಿ ಹೋಗಿ ಕೂರುವುದೇ ಇಲ್ಲ ಅಕ್ಕಾ.

ಮನೆ 6: ನಮ್ಮ ಬಿಳಿ ಕಾರು ಕಂದಾಗಿ ಎರಡು ವರ್ಷವಾಯಿತು. ಆರ್‌ಸಿಯಲ್ಲಿ ಬಣ್ಣ ತಿದ್ದಿಸುವ ಅರ್ಜಿಯನ್ನೂ ಜೊತೆಗೆ ಸೇರಿಸಿಬಿಡಿ.

ಮನೆ 14: ಅರ್ಜಿಯನ್ನು ಬರೆದಿದ್ದೇನೆ. 24 ಗಂಟೆಗಳ ಸರಾಸರಿಯಲ್ಲಿ ಪಿಎಂ10ಕ್ಕೆ (10 ಮೈಕ್ರಾನ್‌ವರೆಗಿನ ಕಣಗಳಿಗೆ) 100, ಪಿಎಂ2.5ಕ್ಕೆ (2.5 ಮೈಕ್ರಾನ್‌ವರೆಗಿನ ಕಣಗಳಿಗೆ) 60 ಮೈಕ್ರೋಗ್ರಾಂ ಎಂಬುದು ಘನಮೀಟರ್ ಗಾಳಿಗೆ ದೇಶದ ಮಿತಿಯಾದ್ದರಿಂದ, ಮಾಲಿನ್ಯ ನಿಯಂತ್ರಣ ಮಂಡಳಿಯವರು ನಮ್ಮ ರಸ್ತೆಯಲ್ಲೇ ಅಳೆಯಲಿ, ಲಾರಿಗಳಿಗೆ ತಾಡಪಾಲು ಹೊದಿಸಲಿ, ದಿನಕ್ಕೆರಡು ಸಲ ರಸ್ತೆಗೆ ನೀರು ಹೊಡೆಸಲಿ ಎಂದು ಕೇಳಿದ್ದೇನೆ.

ಮನೆ 3: ರಸ್ತೆಗೆ ನೀರೇ? ಕುಡಿಯಲು ಟ್ಯಾಂಕರ್ ತರಿಸಿದ ದುಡ್ಡನ್ನೇ ನಾಲ್ಕು ಮನೆಯವರು ಕೊಟ್ಟಿಲ್ಲ. ಹೆಸರು ಹೇಳಲೇ?

ಮನೆ 17: ನಾವು ಕೊಟ್ಟಿದ್ದೇವೆ, ಚೀಟಿಯೂ ಇದೆ.

ಮನೆ 3: ಚೀಟಿಯನ್ನು ಇಲ್ಲೇ ಹಾಕಿ. ಲೆಕ್ಕ ಮುಗಿಯುವ ತನಕ ಯಾವ ಅರ್ಜಿಗೂ ನನ್ನ ಸಹಿಯಿಲ್ಲ.

ಮನೆ 11: ಈ ಸಲ ನಳದ ನೀರು ಯಾವಾಗ ಬಿಡುತ್ತಾರೆಂದು ಯಾರಿಗಾದರೂ ಗೊತ್ತೇ?

ಮನೆ 6: ನಾಳೆ ನಸುಕಿನಲ್ಲಿ ಎನ್ನುತ್ತಿದ್ದಾರೆ.

ಮನೆ 14: ಅರ್ಜಿಗೆ ಈವರೆಗೆ ಎರಡೇ ಸಹಿ ಬಿದ್ದಿವೆ, ಒಂದು ನನ್ನದು. ನೀರು ಬಂದ ಕೂಡಲೇ ತಿಳಿಸಿ, ದಿಂಬಿನ ಚೀಲ ಒಗೆಯುವುದಿದೆ.